ಮ್ಯಾಂಚೆಸ್ಟರ್ ಎಂಬ ಹೆಸರು ಬಂತು, ತೋಟ ಬರಲಿಲ್ಲ

ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರಿದೆ ಎಂದು ನಾವು ಉರ್ದು ಶಾಲೆಯಲ್ಲೂ ಓದಿದೆವು, ಆಮೇಲೆ ಕನ್ನಡ ಶಾಲೆಯಲ್ಲೂ ಓದಿದೆವು. ಎರಡೂ ಕಡೆ ಅದು ಒಂದು ಅಂಕದ ಪ್ರಶ್ನೆ. ಮ್ಯಾಂಚೆಸ್ಟರ್ ಎಲ್ಲಿದೆ, ಅಲ್ಲಿಯ ಜನ ಹೇಗೆ ಬದುಕಿದರು ಎಂದು ಯಾವ ಮೇಷ್ಟರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹತ್ತಿ ಗಿರಣಿ ಇದ್ದರೆ ಮ್ಯಾಂಚೆಸ್ಟರ್, ಅಷ್ಟೆ. ಗಿರಣಿಗಳ ಹೊಗೆ ಕೊಳವೆಯೇ ನಮ್ಮ ಹೆಮ್ಮೆಯಾಗಿತ್ತು.

ಈಗ ಆ ಹೊಗೆಯೂ ಇಲ್ಲ, ಹೆಮ್ಮೆಯೂ ಇಲ್ಲ. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಬಹುಪಾಲು ಮಿಲ್ಲುಗಳು ಬಾಗಿಲು ಹಾಕಿದ್ದವು. ದಾವಣಗೆರೆ ಕಾಟನ್ ಮಿಲ್ಲಿನ 'ಡಿಸಿಎಂ' ಎಂಬ ಮೂರಕ್ಷರ ಇಂದು ಆಟೋದವರ ಬಾಯಲ್ಲಿ ಒಂದು ಬಡಾವಣೆಯ ಗುರುತಾಗಿ ಉಳಿದಿದೆ. ಮಿಲ್ಲು ಹೋದದ್ದಕ್ಕೆ ನಾವು ಬೇಕಾದಷ್ಟು ಅತ್ತಿದ್ದೇವೆ, ಅದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ನಮ್ಮ ಪ್ರಶ್ನೆ ಬೇರೆ. ಮಿಲ್ಲು ಹೋಯಿತು, ಮಿಲ್ಲು ನಿಂತಿದ್ದ ನೆಲ ಏನಾಯಿತು? ಆ ನೆಲದಲ್ಲಿ, ಅಲ್ಲಿ ದುಡಿದವರ ಮಕ್ಕಳಿಗೆ ಒಂದು ಮರದ ನೆರಳಾದರೂ ಉಳಿಯಿತೇ?

ಮೊದಲು ಅಸಲಿ ಮ್ಯಾಂಚೆಸ್ಟರಿನ ಕಥೆ ಕೇಳೋಣ. ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿ ಬೆಳೆದ ಊರು ಅದು, ಅದನ್ನು ಹೊಗಳುವ ದರ್ದು ನಮಗಿಲ್ಲ. ಆದರೂ ಒಂದು ಸಂಗತಿ ಹೇಳಲೇಬೇಕು. 1833ರಲ್ಲಿಯೇ ಬ್ರಿಟಿಷ್ ಸಂಸತ್ತಿನ ಒಂದು ಸಮಿತಿ, ಕಾರ್ಖಾನೆ ಊರುಗಳಲ್ಲಿ ಕೂಲಿಕಾರರಿಗೆ ನಡೆದಾಡಲೂ ಬಯಲು ಜಾಗವಿಲ್ಲ ಎಂದು ವರದಿ ಕೊಟ್ಟಿತು. 1846ರ ಆಗಸ್ಟ್ 22ರಂದು ಮ್ಯಾಂಚೆಸ್ಟರಿನಲ್ಲಿ ಕ್ವೀನ್ಸ್ ಪಾರ್ಕ್, ಫಿಲಿಪ್ಸ್ ಪಾರ್ಕ್, ಪಕ್ಕದ ಸಾಲ್ಫರ್ಡ್‌ನಲ್ಲಿ ಪೀಲ್ ಪಾರ್ಕ್, ಹೀಗೆ ಮೂರು ಉದ್ಯಾನಗಳು ಒಂದೇ ದಿನ ಜನರಿಗಾಗಿ ತೆರೆದವು. ಅವಕ್ಕೆ ಹಣ ಬಂದದ್ದು ಸಾರ್ವಜನಿಕ ಚಂದಾದಿಂದ. ಸಾಹುಕಾರರೂ ಕೊಟ್ಟರು, ಮಿಲ್ಲಿನ ಕೂಲಿಗಳೂ ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. ಮಾಲೀಕರಿಗೆ ಕರುಣೆ ಉಕ್ಕಿ ಆದದ್ದಲ್ಲ ಇದು. ರೋಗ, ಕುಡಿತ, ದಂಗೆಗಳ ಹೆದರಿಕೆಯೂ ಅದರಲ್ಲಿತ್ತು. ಕಾರಣ ಏನೇ ಇರಲಿ, ತೋಟ ಬಂತು. ಗಿರಣಿಗಳು ಓಡುತ್ತಿದ್ದಾಗಲೇ ಬಂತು. ಗಿರಣಿಗಳ ಕಾಲ ಮುಗಿದ ಮೇಲೂ ಆ ಊರು ಅದನ್ನು ಮರೆಯಲಿಲ್ಲ. ಹಿಂದೆ ಬಟ್ಟೆಗೆ ಬಣ್ಣದಚ್ಚು ಹಾಕುತ್ತಿದ್ದ ಕಾರ್ಖಾನೆಯ ಜಾಗವಾದ ಮೇಫೀಲ್ಡ್‌ನಲ್ಲಿ 2022ರಲ್ಲಿ 6.5 ಎಕರೆಯ ಹೊಸ ಉದ್ಯಾನ ಮಾಡಿದರು. ಅಲ್ಲಿ ಮುಚ್ಚಿಹೋಗಿದ್ದ ಮೆಡ್‌ಲಾಕ್ ನದಿಯನ್ನು ಬಿಡಿಸಿ ಬೆಳಕಿಗೆ ತಂದರು.

ಅವರಿಂದ ನಾವು ಹೆಸರನ್ನು ಎರವಲು ತಂದೆವು, ಹೊಗೆಯನ್ನೂ ತಂದೆವು. ತೋಟವನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆವು.

"ಅದು ವಿಲಾಯತಿ ಮಾತು, ನಮ್ಮ ದೇಶದಲ್ಲಿ ಆಗುವುದಿಲ್ಲ" ಎನ್ನುವವರಿದ್ದಾರೆ. ಆಗುವುದಿಲ್ಲ ಎಂದಲ್ಲ, ಆಗದಂತೆ ನೋಡಿಕೊಂಡರು. ಮುಂಬಯಿಯ ಗಿರಣಗಾಂವ್ ಇದಕ್ಕೆ ಸಾಕ್ಷಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅಲ್ಲಿಂದಾಚೆಗೆ ಗಿರಣಿಗಳು ಚೇತರಿಸಿಕೊಳ್ಳಲಿಲ್ಲ. ಊರಿನ ನಡುಮಧ್ಯೆ ಸುಮಾರು 600 ಎಕರೆ ಗಿರಣಿ ನೆಲ ಉಳಿಯಿತು. 1991ರ ನಿಯಮ ಏನು ಹೇಳಿತು? ಈ ನೆಲವನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ಮೂರು ಪಾಲು ಮಾಡಿ: ಒಂದು ಪಾಲು ಉದ್ಯಾನ ಮತ್ತು ಬಯಲಿಗೆಂದು ನಗರಪಾಲಿಕೆಗೆ, ಒಂದು ಪಾಲು ಬಡವರ ಮನೆಗಳಿಗೆ, ಒಂದು ಪಾಲು ಮಾಲೀಕನಿಗೆ. ಇದಕ್ಕಿಂತ ನ್ಯಾಯವಾದ ಹಂಚಿಕೆ ಯಾವುದಿದೆ? 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ ಇದಕ್ಕೆ ನಕ್ಷೆಯನ್ನೂ ಬರೆದುಕೊಟ್ಟಿತು. ಆದರೆ 2001ರಲ್ಲಿ ನಿಯಮಕ್ಕೆ ಒಂದು ಸಣ್ಣ ತಿದ್ದುಪಡಿ ಬಂತು. ಮೂರು ಪಾಲು ಮಾಡಬೇಕಾದದ್ದು ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದೆ ಖಾಲಿ ಬಿದ್ದ ನೆಲವನ್ನು ಮಾತ್ರ! ಗಿರಣಿ ಎಂದರೆ ಅದರ ತುಂಬ ಕಟ್ಟಡವೇ ತಾನೆ? ಖಾಲಿ ನೆಲ ಎಷ್ಟಿದ್ದೀತು? ಒಂದು ಮಾತಿನಲ್ಲಿ ಜನರ ಎರಡು ಪಾಲುಗಳೂ ಕರಗಿಹೋದವು. ಪರಿಸರದವರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟು 2005ರಲ್ಲಿ ಜನರ ಕಡೆ ತೀರ್ಪು ಕೊಟ್ಟಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಇಂದು ಅಲ್ಲಿ ಹೋಗಿ ನೋಡಿ, ಮಾಲುಗಳಿವೆ, ಆಕಾಶ ಮುಟ್ಟುವ ಫ್ಲ್ಯಾಟುಗಳಿವೆ. ಹತ್ತಿಯ ಧೂಳು ನುಂಗಿ ಕೆಮ್ಮಿದವನ ಮೊಮ್ಮಗ ಅಲ್ಲಿ ವಾಚ್‌ಮನ್ ಆಗಿ ನಿಲ್ಲಬಹುದು, ಬೆಂಚಿನ ಮೇಲೆ ಕೂರುವಂತಿಲ್ಲ.

ಮುಂಬಯಿಯಲ್ಲಿ ಕಾನೂನಾದರೂ ಇತ್ತು, ಅದನ್ನು ಮುರಿಯಲು ಕಷ್ಟಪಡಬೇಕಾಯಿತು. ದಾವಣಗೆರೆಯಂಥ ಊರುಗಳಲ್ಲಿ ಆ ಮೂರನೇ ಒಂದು ಪಾಲನ್ನು ಕೇಳಿದವರೇ ಇಲ್ಲ. ಪಂಪಾಪತಿಯವರಂಥ ಕಮ್ಯುನಿಸ್ಟ್ ನಾಯಕರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ ಕಾರ್ಮಿಕರ ಊರು ಇದು. ಕೂಲಿಗಾಗಿ, ಬೋನಸ್ಸಿಗಾಗಿ ಗೇಟಿನ ಮುಂದೆ ಕೂತು ಹೋರಾಡಿದ್ದೇವೆ. ನೆಲಕ್ಕಾಗಿ ಕೂರಲಿಲ್ಲ. ನೆಲ ಮಾಲೀಕನದು, ಅದರಲ್ಲಿ ನಮ್ಮದೇನಿದೆ ಎಂದುಕೊಂಡೆವು.

ನಮಗೆ ನೆನಪಿದೆ. ಅಬ್ಬಾಗೆ ಮಧ್ಯಾಹ್ನದ ಬುತ್ತಿ ಕೊಡಲು ಮಿಲ್ಲಿನ ಗೇಟಿಗೆ ಹೋಗುತ್ತಿದ್ದೆವು. ಗೇಟಿನ ಒಳಗೆ ಸಾಲಾಗಿ ಹೊಂಗೆ, ಬೇವು. ಪಾಳಿ ಬದಲಾಗುವ ಹೊತ್ತಿಗೆ ಆ ನೆರಳಲ್ಲಿ ಎಲ್ಲ ಜಾತಿಯ ಜನ ಟವೆಲ್ ಹಾಸಿ ಕೂತಿರುತ್ತಿದ್ದರು. ಒಬ್ಬರ ರೊಟ್ಟಿ ಒಬ್ಬರ ಕೈಗೆ ಹೋಗುತ್ತಿತ್ತು. ನಮ್ಮ ಬಾಲ್ಯದಲ್ಲಿ 'ಬಾಗ್' ಎಂದರೆ ಅದೇ. ಮಿಲ್ಲು ಮುಚ್ಚಿದಾಗ ಮಗ್ಗಗಳನ್ನು ಗುಜರಿಗೆ ಹಾಕಿದರು. ಆಮೇಲೆ ಮರಗಳನ್ನು ಕಡಿದು ಲಾರಿಗೆ ತುಂಬಿದರು. ಮಗ್ಗ ಹೋದಾಗ ಅಳದ ಅಬ್ಬಾ ಮರ ಹೋದ ದಿನ ಊಟ ಮಾಡಲಿಲ್ಲ.

ಮಿಲ್ಲು ಬಿಟ್ಟ ಎಷ್ಟೋ ಕುಟುಂಬಗಳು ಕೂಲಿಗೆ, ಬೀಡಿಗೆ, ಮಂಡಕ್ಕಿ ಭಟ್ಟಿಗೆ ತಿರುಗಿದವು. ಭಟ್ಟಿಯಲ್ಲಿ ಹೊಟ್ಟು ಉರಿಸುತ್ತಾರೆ, ಹಳೆಯ ಟೈರು ಉರಿಸಿದ ಕಾಲವೂ ಇತ್ತು. ದಾವಣಗೆರೆಯ ಖಾರ ಮಂಡಕ್ಕಿಯನ್ನು ಹೊಗಳದ ಕನ್ನಡಿಗನಿಲ್ಲ. ಅದನ್ನು ಹುರಿಯುವವರ ಎದೆಯೊಳಗೆ ಏನಿದೆ ಎಂದು ಕೇಳಿದವರು ಕಡಿಮೆ. ಆಜಾದ್ ನಗರ, ಬಾಷಾ ನಗರದ ಕಡೆ ಒಮ್ಮೆ ಬನ್ನಿ. ಒಂದೊಂದು ಸಣ್ಣ ಮನೆಯಲ್ಲಿ ಎಂಟು, ಒಂಬತ್ತು ಜನ. ಏಪ್ರಿಲ್ ಬಿಸಿಲು 40ರ ಹತ್ತಿರ ಹೋದಾಗ ತಗಡಿನ ಮಾಡಿನ ಕೆಳಗೆ ಕೂರಲಾಗದು. ಮಕ್ಕಳು ರಸ್ತೆಯಲ್ಲಿ ಆಡುತ್ತವೆ, ಮುದುಕರು ಅಂಗಡಿ ಕಟ್ಟೆಯ ಮೇಲೆ, ಹೆಂಗಸರು ಎಲ್ಲಿಯೂ ಇಲ್ಲ. ಅವರಿಗೆ ಹೊರಗೆ ಎಂಬುದೇ ಇಲ್ಲ.

ಊರಿನ ಇನ್ನೊಂದು ಕಡೆ ಹಾಗಿಲ್ಲ. ಹೊಸ ಬಡಾವಣೆಗಳಲ್ಲಿ ಉದ್ಯಾನಗಳಿವೆ. ಇದನ್ನು ಹೇಳಿದರೆ "ನಿಮ್ಮವರನ್ನು ಬೇಕೆಂದೇ ಬಿಟ್ಟರು ಎನ್ನುತ್ತೀರಾ?" ಎಂದು ಕೆಲವರು ಸಿಟ್ಟಾಗುತ್ತಾರೆ. ಬೇಕೆಂದು ಬಿಟ್ಟರೋ ಇಲ್ಲವೋ ಎಂಬ ಜಗಳ ನಮಗೆ ಬೇಡ. ಕಾನೂನು ಕೆಲಸ ಮಾಡುವ ಬಗೆಯನ್ನು ನೋಡಿ. ಹೊಸದಾಗಿ ಬಡಾವಣೆ ಮಾಡುವವನು ತನ್ನ ನೆಲದ ಒಂದು ಪಾಲನ್ನು ಉದ್ಯಾನಕ್ಕೂ ಬಯಲಿಗೂ ಬಿಡಬೇಕು. ಆಗಲೇ ನಕ್ಷೆಗೆ ಮಂಜೂರಾತಿ. ಒಳ್ಳೆಯ ಕಾನೂನು. ಆದರೆ ಇದರ ಅರ್ಥವೇನು? ಪಾರ್ಕು ಸೈಟಿನ ಜೊತೆ ಬರುತ್ತದೆ. ಸೈಟು ಕೊಂಡವನಿಗೆ ಪಾರ್ಕು. ನಕ್ಷೆಯಿಲ್ಲದೆ ಬೆಳೆದ ಹಳೆಯ ಕೇರಿಗೆ, ಹಟ್ಟಿಗೆ, ಮೊಹಲ್ಲಾಕ್ಕೆ ಪಾರ್ಕು ಕೊಡಬೇಕು ಎನ್ನುವ ನಿಯಮ ಅದರಲ್ಲಿಲ್ಲ. ಅಲ್ಲಿ ಬಿಡುವ ಮಾಲೀಕನೂ ಇಲ್ಲ, ಕೇಳುವ ಕಚೇರಿಯೂ ಇಲ್ಲ. ನಮ್ಮ ಮೊಹಲ್ಲಾದ ಪಕ್ಕದ ದಲಿತ ಕೇರಿಯ ಕಥೆಯೂ ಇದೇ. ಹಾಗಾಗಿ ಇದು ಮುಸಲ್ಮಾನರ ಪ್ರಶ್ನೆ ಮಾತ್ರವಲ್ಲ, ಸೈಟು ಕೊಳ್ಳಲಾಗದ ಎಲ್ಲರ ಪ್ರಶ್ನೆ. ಮುಚ್ಚಿದ ಮಿಲ್ಲಿನ ನೆಲದಿಂದ ಮಾತ್ರ ಈ ಅನ್ಯಾಯವನ್ನು ಸರಿಪಡಿಸಬಹುದಿತ್ತು. ಏಕೆಂದರೆ ಹಳೆಯ ಕೇರಿಗಳ ಹತ್ತಿರ ಅಷ್ಟು ದೊಡ್ಡ ನೆಲ ಇದ್ದದ್ದು ಅದೊಂದೇ. ಅದನ್ನೂ ಸೈಟು ಮಾಡಿ ಮಾರಲು ಬಿಟ್ಟರೆ ಅಲ್ಲಿಯ ಪಾರ್ಕು ಕೂಡ ಅಲ್ಲಿ ಸೈಟು ಕೊಂಡವರ ಪಾಲಿಗೇ ಹೋಗುತ್ತದೆ.

"ಮೊದಲು ನೀರು, ಚರಂಡಿ, ಶಾಲೆ. ಆಮೇಲೆ ಪಾರ್ಕು" ಎಂಬುದು ಇನ್ನೊಂದು ವಾದ. ನಮ್ಮ ಹಿತೈಷಿಗಳೇ ಇದನ್ನು ಹೆಚ್ಚಾಗಿ ಹೇಳುತ್ತಾರೆ. ಮನೆಯ ಮುಂದೆ ಕೈತೋಟ, ಮೇಲೆ ತಾರಸಿ, ಒಳಗೆ ಎಸಿ ಇರುವವನಿಗೆ ಪಾರ್ಕು ಐಷಾರಾಮ ಇರಬಹುದು. ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ, ಓದು, ಹೆರಿಗೆ, ಸಾವು ಎಲ್ಲವೂ ಆಗುವವನಿಗೆ ಅದು ಮನೆಯ ಎರಡನೇ ಕೋಣೆ. ಇಷ್ಟಕ್ಕೂ ನೀರು ಕೊಟ್ಟರೆ ಮರ ಕೊಡಬಾರದು ಎಂದು ಯಾರು ಹೇಳಿದರು? ಹೊಸ ಬಡಾವಣೆಯವರಿಗೆ ಎರಡೂ ಒಟ್ಟಿಗೇ ಸಿಕ್ಕವಲ್ಲ!

ದಾವಣಗೆರೆಯನ್ನು 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿಯೇ ಸೇರಿಸಿದರು. ಲಾಲ್‌ಬಾಗಿನ ಮಾದರಿಯಲ್ಲಿ ದೊಡ್ಡ ಗಾಜಿನ ಮನೆಯೂ ಊರಿಗೆ ಬಂತು. ಹೊರಗಿನ ನೆಂಟರು ಬಂದರೆ ನಾವೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಚೆನ್ನಾಗಿದೆ. ಆದರೆ ಟಿಕೆಟ್ ಕೊಂಡು ನೋಡುವ ತೋಟ ಬೇರೆ, ಚಪ್ಪಲಿ ಮೆಟ್ಟಿ ಹತ್ತು ಹೆಜ್ಜೆಯಲ್ಲಿ ತಲುಪುವ ತೋಟ ಬೇರೆ. ಐದು ಮಕ್ಕಳ ತಾಯಿ ಆಟೋಗೆ ಕೊಟ್ಟು, ಟಿಕೆಟ್ಟಿಗೆ ಕೊಟ್ಟು ವರ್ಷಕ್ಕೆ ಎಷ್ಟು ಸಲ ಗಾಜಿನ ಮನೆ ನೋಡಿಯಾಳು? ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಇದೇ ತಮಾಷೆ. ಬೆಳಗಿನ ಹೊತ್ತು ವಾಕಿಂಗಿಗೆ ಬರುವವರಿಗೆ ಬಿಟ್ಟಿ, ಹಗಲು ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಕ್ಕೆ ಟಿಕೆಟ್.

ವೇಳೆಯ ವಿಷಯವೂ ಹಾಗೆಯೇ. ನಮ್ಮ ಊರುಗಳ ಎಷ್ಟೋ ಪಾರ್ಕುಗಳು ಬೆಳಿಗ್ಗೆ ತೆರೆದು, ಬಿಸಿಲೇರುವ ಹೊತ್ತಿಗೆ ಬೀಗ ಹಾಕಿಸಿಕೊಂಡು, ಮತ್ತೆ ಸಂಜೆ ತೆರೆಯುತ್ತವೆ. ನೆರಳು ಬೇಕಾದದ್ದು ಯಾವಾಗ? ಮಧ್ಯಾಹ್ನ. ಹಮಾಲಿ ಮಾಡುವವನು, ತಳ್ಳುಗಾಡಿಯವನು, ಪೌರಕಾರ್ಮಿಕ ಹೆಂಗಸು ಒಂದು ಗಳಿಗೆ ಬೆನ್ನು ಚಾಚಬೇಕಾದದ್ದು ಯಾವಾಗ? ಮಧ್ಯಾಹ್ನ. ಆಗ ಗೇಟಿಗೆ ಬೀಗ, ಪಕ್ಕದಲ್ಲೊಂದು ಬೋರ್ಡು: ಮಲಗಬಾರದು, ಆಡಬಾರದು, ಊಟ ಮಾಡಬಾರದು, ಹುಲ್ಲು ತುಳಿಯಬಾರದು. ಹಾಗಾದರೆ ಯಾರಿಗಾಗಿ ಈ ತೋಟ? ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ ಮಾಡಿದರು. ಅಲ್ಲಿ ಆಗುವುದು ಬೇರೆ ಊರುಗಳಲ್ಲಿ ಏಕೆ ಆಗದು?

ಇನ್ನೊಂದು ಮಾತು ಎಲ್ಲರೂ ಪಿಸುಗುಡುವಂಥದು: "ಆ ಕಡೆಯವರಿಗೆ ಪಾರ್ಕು ಕೊಟ್ಟರೆ ಹಾಳು ಮಾಡುತ್ತಾರೆ." ಈ ರಾಜ್ಯದಲ್ಲಿ ಬಾಗವಾನರು ಎಂಬ ಮುಸ್ಲಿಂ ಸಮುದಾಯವೇ ಇದೆ. ಹೆಸರಿನಲ್ಲಿಯೇ ತೋಟವಿದೆ. 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದವನು ಹೈದರಾಲಿ. ಆಗ ಬೆಟ್ಟೂರಿನ ಮಗ್ಗುಲಿನ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಅಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟು, ಅದು ವ್ಯಾಪಾರದ ಪೇಟೆಯಾಗಲು ದಾರಿ ಮಾಡಿದವನೂ ಅವನೇ. ಗಿಡ ನೆಡಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಾಳಾಗುವುದು ಮಾಲಿ ಇಲ್ಲದ, ನೀರಿಲ್ಲದ, ದೀಪವಿಲ್ಲದ ಪಾರ್ಕು. ಅಂಥದನ್ನು ಯಾವ ಬಡಾವಣೆಗೆ ಕೊಟ್ಟರೂ ಹಾಳಾಗುತ್ತದೆ.

ಇಷ್ಟು ಹೊತ್ತು ಬೇರೆಯವರ ಮೇಲೆ ಬೆರಳು ತೋರಿಸಿದೆವು. ಈಗ ನಮ್ಮ ಕಡೆ ತಿರುಗಿಸೋಣ. ಇಷ್ಟು ವರ್ಷಗಳಲ್ಲಿ ಮತ ಕೇಳಲು ಬಂದವರ ಮುಂದೆ ನಮ್ಮ ಜಮಾತಿನವರು, ಅಂಜುಮನ್ನಿನವರು ಇಟ್ಟ ಬೇಡಿಕೆಗಳನ್ನು ನೆನಪಿಸಿಕೊಳ್ಳಿ. ಶಾದಿಮಹಲ್. ಈದ್ಗಾಕ್ಕೆ ಗೋಡೆ. ಖಬರಸ್ತಾನಕ್ಕೆ ಕಾಂಪೌಂಡು. ಬೇಡವೆನ್ನುವುದಿಲ್ಲ. ಆದರೆ ಮಕ್ಕಳಿಗೆ ಆಡಲು ಒಂದು ಬಯಲು ಕೊಡಿ ಎಂದು ಒಂದು ಅರ್ಜಿಯಾದರೂ ಹೋಯಿತೇ? ಸತ್ತವರಿಗಾಗಿ ನೆಲ ಕೇಳಿದ ನಾವು ಬದುಕಿರುವವರಿಗಾಗಿ ಕೇಳಲಿಲ್ಲ. ಗಿಡ ನೆಡುವುದೂ ಸದಕಾ ಎಂದು ಜುಮಾ ದಿನ ಕೇಳುತ್ತೇವೆ, ಹೊರಗೆ ಬಂದು ಮಸೀದಿಯ ಅಂಗಳಕ್ಕೆ ಪೂರ್ತಿ ಟೈಲ್ಸ್ ಹಾಕಿಸಲು ಚಂದಾ ಎತ್ತುತ್ತೇವೆ. ಈದ್ಗಾ ವರ್ಷಕ್ಕೆ ಎರಡು ದಿನ ತುಂಬುತ್ತದೆ. ಉಳಿದ ದಿನ ಅದರ ಗೇಟಿಗೂ ಬೀಗವೇ. ಅದರ ಅಂಚಿನುದ್ದಕ್ಕೂ ಬೇವು, ಹುಣಸೆ ನೆಟ್ಟು, ಸಂಜೆ ಮಕ್ಕಳಿಗೆ ಬಿಟ್ಟರೆ ಯಾವ ಧರ್ಮ ಕೆಡುತ್ತದೆ? ಪಾಲಿಕೆಯ ಬೀಗವನ್ನು ಪ್ರಶ್ನಿಸುವವರು ಮೊದಲು ನಮ್ಮ ಬೀಗ ತೆಗೆಯಬೇಕು.

ಹೆಂಗಸರ ಮಾತಂತೂ ಕೇಳುವುದೇ ಬೇಡ. ನಮ್ಮ ನೆರೆಯ ಖಾಲಾ ಒಬ್ಬರಿಗೆ ಸಕ್ಕರೆ ಕಾಯಿಲೆ. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದರು. ಊರಿನ ಹೆಸರು, ಪಾರ್ಕಿನ ಹೆಸರು ಬೇಡ. ಎರಡು ದಿನ ಬುರ್ಖಾದಲ್ಲಿಯೇ ಹೊಸ ಬಡಾವಣೆಯ ಪಾರ್ಕಿಗೆ ಹೋದರು. ಮೂರನೇ ದಿನ ಒಬ್ಬರು ಬಂದು "ನೀವು ಈ ಏರಿಯಾದವರಾ?" ಎಂದು ಕೇಳಿದರಂತೆ. ಜೋರು ಮಾಡಲಿಲ್ಲ, ಬೈಯಲಿಲ್ಲ, ಬರೀ ಕೇಳಿದರು. ಖಾಲಾ ಅಂದಿನಿಂದ ಹೋಗಲಿಲ್ಲ. ಮನೆಗೆ ಬಂದು ಹೇಳಿಕೊಂಡರೆ ಮಗ ಹೇಳಿದ್ದೇನು? "ನಿನಗೆ ಯಾಕಮ್ಮಿ ಪಾರ್ಕು, ಮನೆಯಲ್ಲೇ ಕೂರಬಾರದಾ?" ಕೇಳಿದವನಿಗೂ ಮಗನಿಗೂ ಏನು ವ್ಯತ್ಯಾಸ? ಇಬ್ಬರೂ ಸೇರಿ ಆಕೆಯನ್ನು ಒಳಗೆ ಕೂರಿಸಿದರು. ಈಗ ಖಾಲಾ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ನಡೆಯುತ್ತಾರೆ. ಹನ್ನೊಂದು ಹೆಜ್ಜೆ. ನಾವೇ ಎಣಿಸಿದ್ದೇವೆ.

ಆಗುವ ಕೆಲಸವೇನು ಎಂದು ಕೇಳುವವರಿಗೆ ನಮ್ಮ ಉತ್ತರವಿದೆ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರ ಕಾಯ್ದೆ ಇದೆ. ಅದರಂತೆ ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ಬಡಾವಣೆವಾರು ಅಲ್ಲ, ವಾರ್ಡುವಾರು ಕೊಡಿ ಎಂದು ಕೇಳೋಣ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಅರ್ಜಿಗೆ 10 ರೂಪಾಯಿ. ಯಾವ ವಾರ್ಡಿನ ಎದುರು ಸೊನ್ನೆ ಇದೆ ಎಂದು ಊರೇ ನೋಡಲಿ. ಕೋರ್ಟಿನ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು, ಮುಖ್ಯಮಂತ್ರಿಯ ಮಾತಿನ ಮೇಲೆ, ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ದಾವೆ ಹೂಡಿದರು. 1991ರಲ್ಲಿ ಸುಪ್ರೀಂ ಕೋರ್ಟು ಅದು ಸಲ್ಲದು ಎಂದಿತು. ಆಸ್ಪತ್ರೆಯೂ ಒಳ್ಳೆಯದೇ, ಆದರೆ ಉದ್ಯಾನದ ಜಾಗ ಉದ್ಯಾನಕ್ಕೇ ಎಂಬುದು ಅದರ ಸಾರ. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ನೆಲ ತೆಗೆದುಕೊಳ್ಳುವ ಮಾತು ಬಂದಾಗ ಬೆಂಗಳೂರಿನ ಜನ ಬೀದಿಗೆ ಬಂದರು. ಇದ್ದ ತೋಟವನ್ನು ಉಳಿಸಿಕೊಳ್ಳಲು ಅವರು ಎದ್ದರು. ಇಲ್ಲದ ತೋಟವನ್ನು ಕೇಳಲು ನಾವು ಏಳಬೇಕಾಗಿದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ದಾವಣಗೆರೆಯಲ್ಲಾಗಲಿ, ಕಾರ್ಖಾನೆ ಮುಚ್ಚಿದ ಯಾವ ಊರಿನಲ್ಲಾಗಲಿ, ಇನ್ನೂ ಸೈಟಾಗದೆ ಉಳಿದ ನೆಲ ಇದ್ದರೆ ಅದರ ಒಂದು ಪಾಲನ್ನು ಹತ್ತಿರದ ಹಳೆಯ ಕೇರಿಗಳ ಹೆಸರಿಗೆ ಉದ್ಯಾನವಾಗಿ ಬಿಡಿ. ಕಾರಂಜಿ ಬೇಡ, ಗಾಜು ಬೇಡ, ಕಾಂಕ್ರೀಟಿನ ಜಿಂಕೆ ಬೇಡ. ಹೊಂಗೆ, ಬೇವು, ಹುಣಸೆ ಸಾಕು. ಕುಡಿಯುವ ನೀರಿನ ಒಂದು ನಲ್ಲಿ, ಹೆಂಗಸರಿಗೆ ಶೌಚಾಲಯ, ಒಬ್ಬ ಮಾಲಿ, ರಾತ್ರಿ ದೀಪ. ಟಿಕೆಟ್ ಬೇಡ. ಮಧ್ಯಾಹ್ನ ಬೀಗ ಬೇಡ. "ಈ ಏರಿಯಾದವರಾ?" ಎಂದು ಯಾರೂ ಕೇಳುವುದು ಬೇಡ.

ಖಾಲಾ ಮೊನ್ನೆ ಕೇಳಿದರು, "ಏನೋ ಬರೀತಿದೀರಂತೆ, ಬರೆದರೆ ಸಿಗತ್ತಾ?" ಸಿಗುತ್ತದೆ ಎಂದು ಹೇಳುವ ಧೈರ್ಯ ನಮಗೆ ಬರಲಿಲ್ಲ. ಕೇಳದಿದ್ದರೆ ಸಿಗುವುದಿಲ್ಲ ಖಾಲಾ, ಅದಂತೂ ಗೊತ್ತು ಎಂದೆವು. "ಹಾಗಾದರೆ ಅರ್ಜಿಗೆ ನನ್ನ ಹೆಬ್ಬೆಟ್ಟೂ ಹಾಕಿಸಿಕೊಳ್ಳಿ" ಎಂದರು. ಮೊದಲ ಸಹಿ ಅವರದೇ. ಎರಡನೆಯದು ಅವರ ಮಗನದಾಗಬೇಕು ಎಂದು ಕಾಯುತ್ತಿದ್ದೇವೆ.